ಕಾಳೂ ದಂಡೆಯ ಮಣ್ಣು

ಉಡುಪಿ
9 ಮೇ 2024

ಜ್ಯೋತ್ಸ್ನಾ,

ನೀನು ಫೋನಿನಲ್ಲಿ ಹಲೋ ಹಲೋ ಎನ್ನುವುದು, ಈ ಕಡೆ ನಾನು ಗಂಟಲಿನಿಂದ ಬರೀ ಗಾಳಿ ಬಿಡುವುದು, ಕೊನೆಗೆ ನಿನ್ನ ಅತ್ತೆ ಫೋನು ಕಸಿದುಕೊಂಡು ಅವಳಿಗೆ ಬೇಕಾದ್ದನ್ನು ಮಾತಾಡುವುದು. ಇದು ಸಾಕು ಎಂದು ಪೆನ್ನು ಹಿಡಿದಿದ್ದೇನೆ. ಆಪರೇಷನ್ ಆದ ಮೇಲೆ ಸ್ವರ ಹೋಯಿತು, ಅಕ್ಷರ ಹೋಗಲಿಲ್ಲ. ಡಾಕ್ಟರು ತಿಂಗಳಿಗೊಮ್ಮೆ ನೋಡಬೇಕು ಎಂದಿದ್ದಾರೆ. ಆದ್ದರಿಂದ ಸದ್ಯಕ್ಕೆ ಉಡುಪಿಯ ಈ ಬಾಡಿಗೆ ಫ್ಲಾಟೇ ನಮ್ಮ ಮನೆ.

ವಿಷಯಕ್ಕೆ ಬರುತ್ತೇನೆ. ಕಲ್ಯಾಣದ ನನ್ನ ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಟ್ಟು ಇನ್ನೊಬ್ಬನಿಗೆ ಬಾಡಿಗೆಯ ಮೇಲೆ ನಡೆಸಲು ಬಿಟ್ಟದ್ದು ನಿನಗೆ ಗೊತ್ತುಂಟು. ನಡೆಸುವವನು ಹೋಟೆಲಿನ ಚಹರೆಯನ್ನೇ ಬದಲಾಯಿಸುತ್ತಾನಂತೆ. ಮೇಲಿನ ಮಾಳಿಗೆಯಲ್ಲಿ ಮಲಗುವ ನನ್ನ ಹಳೆಯ ಕೆಲಸದವರೆಲ್ಲ ಮುಂದಿನ ವರ್ಷ ಜಾಗ ಖಾಲಿ ಮಾಡಬೇಕು ಎಂದಿದ್ದಾನೆ. ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದ ಮಹಾದೇವಪ್ಪ ಅಲ್ಲಿದ್ದಾನೆ, ಅವನ ಹಾಗೆ ಇನ್ನೂ ಹತ್ತು ಹನ್ನೊಂದು ಜನ. ಊರಿಗೆ ಹೋದರೆ ಗುರುತಿಸುವವರಿಲ್ಲ. ನಿಮಗೆ ಒಂದೊಂದು ಕೋಣೆ ಮಾಡಿಕೊಡುತ್ತೇನೆ ಎಂದು ಸ್ವರ ಇದ್ದಾಗಲೇ ಅವರಿಗೆ ಮಾತು ಕೊಟ್ಟಿದ್ದೆ.

ಟಿಟ್ವಾಲಾ ದಾಟಿ ಕಾಳೂ ನದಿಯ ದಂಡೆಯಲ್ಲಿ ನನ್ನದೊಂದು ಜಾಗ ಉಂಟು. ಅದನ್ನು ದಾನಪತ್ರ ಮಾಡಿಕೊಟ್ಟರೆ ಡೊಂಬಿವಲಿಯ ನಮ್ಮ ಕನ್ನಡ ಸಂಘ ಕೋಣೆ ಕಟ್ಟಿಸುತ್ತದೆ. ಒಂದೇ ಅಂತಸ್ತು, ಮೇಲೆ ತಗಡಿನ ಶೀಟು. ಎಲ್ಲ ಸರಿಯಾಗಿತ್ತು. ಈಗ ಯಾರೋ ಅಲ್ಲಿಗೆ ನೆರೆ ಬರುತ್ತದೆ ಎಂದು ಕಾರ್ಯದರ್ಶಿ ಲೋಕನಾಥನ ಕಿವಿಯಲ್ಲಿ ಹಾಕಿದ್ದಾರೆ. 2005ರ ಜುಲೈ ಮಳೆಗೆ ಮುಂಬಯಿ ಸುತ್ತ ಎಲ್ಲಿಗೆ ನೀರು ಬರಲಿಲ್ಲ ಹೇಳು. ಆ ವರ್ಷವನ್ನು ಲೆಕ್ಕಕ್ಕೆ ಹಿಡಿಯಬಾರದು.

ನಮ್ಮಲ್ಲೇ ನದಿ ಓದಿದವಳು ಒಬ್ಬಳಿದ್ದಾಳೆ, ಅವಳ ಮಾತು ನಂಬುತ್ತೀರಾ ಎಂದು ಅವರಿಗೆ ಬರೆದೆ. ನಂಬುತ್ತಾರಂತೆ. ನೀನು ಹೋಗಿ ನೋಡಿ ನಾಲ್ಕು ಸಾಲು ಬರೆದುಕೊಡು. ಇಂಗ್ಲಿಷಿನಲ್ಲಿಯೇ ಬರೆ. ಅರ್ಥವಾಗದಿದ್ದರೆ ಹೆಚ್ಚು ನಂಬುತ್ತಾರೆ.

ನಿನ್ನ ಅತ್ತೆಗೆ ಆ ಜಾಗ ಮಾರಿಬಿಡಬೇಕೆಂದು ಉಂಟು. ಅವಳ ಹತ್ತಿರ ಈ ಮಾತು ಎತ್ತಬೇಡ.

ನಿನ್ನ ಸೋದರಮಾವ
ಸರ್ವೋತ್ತಮ

*

ಠಾಣೆ, ಘೋಡಬಂದರ್ ರಸ್ತೆ
2 ಜೂನ್ 2024

ಪ್ರೀತಿಯ ಮಾವ,

ನಿಮ್ಮ ಕೈಬರಹ ನೋಡಿ ಸಂತೋಷವಾಯಿತು. ಅದಕ್ಕೆ ಸಮನಾಗಿ ಉತ್ತರಿಸುವುದು ನನಗೆ ಕಷ್ಟ. ನಾವು ಮಾತಾಡಿದ್ದೆಲ್ಲ ತುಳು, ನಾನು ಶಾಲೆಯಲ್ಲಿ ಕಲಿತದ್ದು ಇಂಗ್ಲಿಷು, ಕನ್ನಡ ಅಮ್ಮ ಅಡುಗೆಮನೆಯಲ್ಲಿ ತಿದ್ದಿಸಿದ್ದು. ತಪ್ಪಿದ್ದರೆ ಮನ್ನಿಸಿ.

ಕಳೆದ ಭಾನುವಾರ ಹೋಗಿದ್ದೆ. ಗುಂಡಿ ತೋಡಲು ಕಲ್ಯಾಣದ ನಾಕಾದಲ್ಲಿ ಬೆಳಗ್ಗೆ ಕೂಲಿಗೆ ನಿಲ್ಲುವವರಲ್ಲಿ ಒಬ್ಬನನ್ನು ಕರೆದುಕೊಂಡೆ. ಸಿದ್ರಾಮ ಎಂದು, ಕಲಬುರಗಿ ಕಡೆಯವನು. ಕಸಾರಾ ಲೋಕಲ್‌ನಲ್ಲಿ ಕುಳಿತ ಮೇಲೆ ಕೇಳಿದ:

“ಬಿಲ್ಡಿಂಗ್ ಪಾಯಾ ಏನ್ರಿ ಮೇಡಂ?”

“ಅಲ್ಲ. ಮಣ್ಣು ನೋಡೋದಕ್ಕೆ.”

“ಮಣ್ಣು ನೋಡಾಕ ಗುಂಡಿ ಯಾಕ್ರಿ? ಮ್ಯಾಲೇ ಕಾಣತದಲ್ಲ.”

“ಹಳೇ ಮಣ್ಣು ನೋಡಬೇಕು.”

“ನೋಡ್ರಿ ನೋಡ್ರಿ. ನೀವು ಕೂಲಿ ಕೊಟ್ರ ನಾ ಪಾತಾಳತನಕ ತೋರಸ್ತೀನಿ.”

ನಿಮ್ಮ ಜಾಗ ಚೆನ್ನಾಗಿದೆ ಮಾವ. ದಂಡೆಯ ಕಡೆಯಿಂದ ನೋಡಿದರೆ ಅದು ಮೇಜಿನಂತೆ ಎತ್ತರದಲ್ಲಿದೆ, ನದಿ ಕೆಳಗೆ ಹರಿಯುತ್ತದೆ. ಯಾರಿಗಾದರೂ ಇದು ಸುರಕ್ಷಿತ ಎನ್ನಿಸುವುದು ಸಹಜ. ಆದರೆ ಅದು ನದಿಯೇ ಒಂದು ಕಾಲಕ್ಕೆ ಹಾಸಿದ ನೆಲ. ಸಾವಿರಾರು ವರ್ಷಗಳ ಹಿಂದೆ ಮುಂಗಾರು ದುರ್ಬಲವಾಗಿದ್ದ ಕಾಲದಲ್ಲಿ ಇಲ್ಲಿನ ನದಿಗಳಿಗೆ ತಾವು ತಂದ ಮಣ್ಣನ್ನು ಹೊತ್ತೊಯ್ಯುವ ಶಕ್ತಿ ಇರಲಿಲ್ಲ. ಕಣಿವೆಯಲ್ಲೇ ಇಳಿಸಿ ಹೋದವು, ಕಣಿವೆ ತುಂಬುತ್ತ ಬಂತು. ಆಮೇಲೆ ಮಳೆ ಬಲವಾದಾಗ ಅದೇ ನದಿ ತಾನು ತುಂಬಿದ್ದನ್ನು ಕೊರೆದುಕೊಂಡು ಕೆಳಗಿಳಿಯಿತು. ಹಳೆಯ ನೆಲ ಮೇಲೆ ಉಳಿಯಿತು. ನಾವು ಅದನ್ನು ದಂಡೆ ಎನ್ನುತ್ತೇವೆ, ಖರೀದಿ ಮಾಡುತ್ತೇವೆ.

ನದಿ ಅಲ್ಲಿಗೆ ಬರುವುದನ್ನು ಪೂರ್ತಿ ನಿಲ್ಲಿಸಿದೆಯೇ ಎನ್ನುವುದಷ್ಟೇ ಪ್ರಶ್ನೆ. ಊರಿನಲ್ಲಿ ಕೇಳಿದೆ. ಒಬ್ಬರು ಬರುತ್ತದೆ ಎನ್ನುತ್ತಾರೆ, ಜಾಗ ಮಾರಲು ಇರುವವರು ಬರುವುದಿಲ್ಲ ಎನ್ನುತ್ತಾರೆ. ಬಿಸಿಲಿಗೆ ನೆಲ ಕಲ್ಲಿನಂತಾಗಿತ್ತು. ಸಿದ್ರಾಮ ಅಲ್ಲಲ್ಲಿ ಗುದ್ದಲಿ ಹಾಕಿ ನೋಡಿ ಒಂದು ಕಡೆ “ಇಲ್ಲಿ ಮೆತ್ತಗದ ನೋಡ್ರಿ” ಎಂದ. ಅಲ್ಲಿಯೇ ತೋಡಿಸಿದೆ. ಸಿಕ್ಕ ಒಂದು ವಸ್ತುವನ್ನು ಕಾಲ ಗುರುತಿಸುವ ಲ್ಯಾಬಿಗೆ ಕಳಿಸಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ಹೇಳಿದರೆ ನೀವು ಅದರ ಮೇಲೆ ಕೋಣೆ ಕಟ್ಟಲು ಶುರು ಮಾಡುತ್ತೀರಿ.

ನಾಲ್ಕು ಸಾಲಿಗೆ ಕೆಲವು ತಿಂಗಳು ಕಾಯಬೇಕು. ಅತ್ತೆಯ ಹತ್ತಿರ ಏನೂ ಹೇಳಿಲ್ಲ.

ನಿಮ್ಮ
ಜ್ಯೋತ್ಸ್ನಾ

*

ಉಡುಪಿ
20 ಜೂನ್ 2024

ಜ್ಯೋತ್ಸ್ನಾ,

ನಿನ್ನ ಕನ್ನಡದಲ್ಲಿ ತಪ್ಪಿಲ್ಲ. ತಪ್ಪು ನೀನು ಅವಸರ ಮಾಡದೇ ಇರುವುದರಲ್ಲಿ.

ಸಾವಿರಾರು ವರ್ಷದ ಕಥೆ ಓದಲಿಕ್ಕೆ ಚಂದ ಉಂಟು, ನಾನು ಎರಡು ಸಲ ಓದಿದೆ. ಆದರೆ ಮಹಾದೇವಪ್ಪನಿಗೆ ಎಪ್ಪತ್ತು ದಾಟಿತು ಮಾರಾಯ್ತಿ. ಅವನಿಗೆ ಬೇಕಾದದ್ದು ಹತ್ತು ಹದಿನೈದು ವರ್ಷದ ನೆಲ. ಅಷ್ಟರ ಮಟ್ಟಿಗೆ ಹೇಳಿದರೆ ಸಾಕು.

ಜಾಗ ಚೆನ್ನಾಗಿದೆ ಎಂದು ನೀನೇ ಬರೆದಿದ್ದೀ. ಆ ವಾಕ್ಯವನ್ನು ಲೋಕನಾಥನಿಗೆ ಕಳಿಸಿದ್ದೇನೆ.

ಮಾವ

*

ಠಾಣೆ
15 ಸೆಪ್ಟೆಂಬರ್ 2024

ಪ್ರೀತಿಯ ಮಾವ,

ಲ್ಯಾಬಿನ ಉತ್ತರ ಬಂದಿದೆ. ಸಂಘಕ್ಕೆ ಇಂಗ್ಲಿಷಿನಲ್ಲಿ ವರದಿ ಕಳಿಸಿದ್ದೇನೆ, ಅದರ ಪ್ರತಿ ಇದರ ಜೊತೆಗಿದೆ. ನಿಮಗೆ ಸಾರಾಂಶವನ್ನು ನಾನೇ ಹೇಳಬೇಕು.

ಅಲ್ಲಿ ಕಟ್ಟಬೇಡಿ.

ಗುಂಡಿಯಲ್ಲಿ ನನ್ನ ಸೊಂಟದಷ್ಟು ಆಳದವರೆಗೆ ಇರುವ ಮಣ್ಣು ಹಳೆಯದಲ್ಲ. ಕಳೆದ ಕೆಲವೇ ದಶಕಗಳಲ್ಲಿ ಬಂದು ಬಿದ್ದದ್ದು. ಅದರಲ್ಲಿ ಪದರಗಳೂ ಕಾಣುವುದಿಲ್ಲ, ಒಂದೇ ಸಲ ಸುರಿದಂತಿದೆ. ಎಂದರೆ ದೊಡ್ಡ ನೆರೆ ಬಂದು ಆಳೆತ್ತರದ ನೀರು ನಿಂತು, ಒಂದೆರಡು ಸಲದಲ್ಲೇ ಅಷ್ಟು ಹೂಳು ಬಿಟ್ಟುಹೋಗಿದೆ. ಈಗ ಮಳೆಗಾಲದ ಮಳೆ ಮೊದಲಿನಂತೆ ಹರಡಿಕೊಂಡು ಬೀಳುವುದಿಲ್ಲ. ವಾರಗಟ್ಟಲೆ ಸುಮ್ಮನಿದ್ದು ಒಂದೆರಡು ದಿನದಲ್ಲಿ ಸುರಿಯುವುದು ಹೆಚ್ಚುತ್ತಿದೆ. ಹಾಗಿರುವಾಗ ಅಲ್ಲಿ ವಯಸ್ಸಾದವರನ್ನು ತಗಡಿನ ಕೆಳಗೆ ಮಲಗಿಸಿ ನಾನು ಇಲ್ಲಿ ಏಳನೆಯ ಮಹಡಿಯಲ್ಲಿ ಮಲಗಲಾರೆ.

ನಿಮಗೆ ನೋವಾಗುತ್ತದೆ ಎಂದು ಗೊತ್ತು. ಬೇರೆ ರೀತಿಯಲ್ಲಿ ಬರೆಯಲು ಆಗುತ್ತದೆಯೇ ಎಂದು ಪ್ರಯತ್ನಿಸಿದೆ, ಆಗಲಿಲ್ಲ.

ಜ್ಯೋತ್ಸ್ನಾ

*

ಉಡುಪಿ
3 ನವೆಂಬರ್ 2024

ಚಿ. ಸೌ. ಜ್ಯೋತ್ಸ್ನಾಳಿಗೆ,

ದೀಪಾವಳಿ ಆಯಿತು. ಇಲ್ಲಿ ಎಲ್ಲರೂ ಕ್ಷೇಮ.

ಸಂಘದವರು ಕೋಣೆಯ ಯೋಜನೆ ಕೈಬಿಟ್ಟಿದ್ದಾರೆ. ನಿನ್ನ ವರದಿಯ ಕೊನೆಯ ಸಾಲನ್ನು ಲೋಕನಾಥ ಸಭೆಯಲ್ಲಿ ಎರಡು ಸಲ ಓದಿದನಂತೆ. ನಿನ್ನ ಅತ್ತೆ ಆ ದಿನ ಪಾಯಸ ಮಾಡಿದಳು. ಕಾರಣ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳಿಗೆ ವಿಷಯ ಯಾರು ತಿಳಿಸಿದರು ಎಂದೂ ಕೇಳಲಿಲ್ಲ. ನಿನಗೆ ಗೊತ್ತಿರಬಹುದು.

ಇಂಗ್ಲಿಷ್ ವರದಿಯನ್ನು ನಾನು ಓದಿಲ್ಲ.

ಸರ್ವೋತ್ತಮ

*

ಠಾಣೆ
22 ಡಿಸೆಂಬರ್ 2024

ಪ್ರೀತಿಯ ಮಾವ,

ನಿಮ್ಮ ಹಿಂದಿನ ಪತ್ರಗಳಲ್ಲಿ ನಾನು ಬರೀ ಜ್ಯೋತ್ಸ್ನಾ ಆಗಿದ್ದೆ. ಈ ಸಲ ಚಿ. ಸೌ. ಆದೆ.

ಅತ್ತೆಗೆ ನಾನು ಹೇಳಿಲ್ಲ. ನಿಮ್ಮ ಮನೆಯ ವ್ಯವಹಾರದಲ್ಲಿ ನಾನು ಯಾರ ಪರವೂ ಅಲ್ಲ. ಆದರೆ ನಿಮಗೆ ಹಾಗನ್ನಿಸಿದ್ದರಲ್ಲಿ ನನ್ನ ಪಾಲೂ ಇದೆ. ತೀರ್ಪನ್ನು ಕನ್ನಡದಲ್ಲಿ, ಕಾರಣವನ್ನು ಇಂಗ್ಲಿಷಿನಲ್ಲಿ ಬರೆದೆ. ನೀವೇ ಹೇಳಿದ್ದಿರಿ ಎಂಬುದು ನೆಪ. ಕಾರಣವನ್ನು ಕನ್ನಡದಲ್ಲಿ ಬರೆಯಲು ನಾನು ಸೋಮಾರಿತನ ಮಾಡಿದೆ. ಈಗ ಬರೆಯುತ್ತೇನೆ.

ನದಿಯ ಕಡೆಗಿರುವ ಮೂಲೆ, ಉತ್ತರ ಮತ್ತು ಪೂರ್ವದ ಬೇಲಿ ಸೇರುವಲ್ಲಿ ನಾವು ತೋಡಿದ್ದು. ಸೊಂಟದಾಳದಲ್ಲಿ ಇದ್ದಿಲು ಸಿಕ್ಕಿತು. ಇದ್ದಿಲು ಹೇಳುವ ವಯಸ್ಸನ್ನು ನಾವು ನಂಬುತ್ತೇವೆ. ಮರ ಯಾವಾಗ ಬದುಕಿತ್ತು ಎಂದು ಲ್ಯಾಬಿನವರು ಹೇಳಬಲ್ಲರು. ಇದು ತೀರ ಇತ್ತೀಚಿನದು ಎಂದು ಹೇಳಿದರು. ಸುಟ್ಟ ಇದ್ದಿಲು ಅಷ್ಟು ಆಳದಲ್ಲಿದ್ದರೆ, ಅದರ ಮೇಲಿನ ಮಣ್ಣೆಲ್ಲ ಅದಕ್ಕಿಂತ ಈಚೆಗೆ ಬಂದಿರಲೇಬೇಕು. ನನ್ನ ವಾದ ಇಷ್ಟೇ.

ವರದಿಯಲ್ಲಿ ಬರೆಯದ ಒಂದು ಸಂಗತಿಯಿದೆ. ಇದ್ದಿಲಿನ ಜೊತೆ ಸುಟ್ಟು ಕಪ್ಪಾದ ಎಳ್ಳಿನ ಕಾಳು, ಭತ್ತ, ಒಂದೆರಡು ಉದ್ದಿನ ಕಾಳು ಇದ್ದವು. ಯಾರೋ ಮೀನು ಹಿಡಿಯುವವರು ದಂಡೆಯ ಮೇಲೆ ಒಲೆ ಹೂಡಿ ಅಡುಗೆ ಮಾಡಿದ್ದಾರೆ, ಆಮೇಲೆ ನೀರು ಬಂದು ಅವರ ಒಲೆಯನ್ನು ಮುಚ್ಚಿದೆ ಎಂದು ಊಹಿಸಿದೆ. ಆ ಜನ ಎಲ್ಲಿ ಹೋದರೋ ಎಂದು ಆಗಾಗ ಯೋಚಿಸುತ್ತೇನೆ. ನಿಮ್ಮ ಮಹಾದೇವಪ್ಪನವರ ಬಗ್ಗೆ ಯೋಚಿಸಿದಾಗಲೂ ಅವರೇ ನೆನಪಾಗುತ್ತಾರೆ.

ಕೋಪವಿದ್ದರೆ ಕೋಪದಿಂದಲೇ ಬರೆಯಿರಿ. ಕ್ಷೇಮ ಸಮಾಚಾರ ಬೇಡ.

ಜ್ಯೋತ್ಸ್ನಾ

*

ಉಡುಪಿ
4 ಜನವರಿ 2025

ಜ್ಯೋತ್ಸ್ನಾ,

ಅದು ಮೀನಿನವರ ಒಲೆಯಲ್ಲ. ಅದು ನನ್ನ ಹೋಮ.

ನಿನ್ನ ಪತ್ರ ಓದುತ್ತ ಎಳ್ಳು, ಭತ್ತ, ಉದ್ದು ಎನ್ನುವಲ್ಲಿಗೆ ಬಂದಾಗ ನಗು ಬಂತು. ನನಗೀಗ ನಗುವುದೂ ಕಷ್ಟ, ಕೆಮ್ಮು ಹತ್ತಿಕೊಂಡು ನಿನ್ನ ಅತ್ತೆ ನೀರು ಹಿಡಿದು ಓಡಿ ಬಂದಳು.

ಜಾಗ ಕೊಂಡ ವರ್ಷ ಡೊಂಬಿವಲಿಯಿಂದ ಭಟ್ಟರನ್ನು ಕರೆದುಕೊಂಡು ಹೋಗಿ ಭೂಮಿಪೂಜೆ ಮಾಡಿಸಿದ್ದೆ. ಅವರು ಈಶಾನ್ಯ ಮೂಲೆಯಲ್ಲಿ ಸೊಂಟದಾಳ ಗುಂಡಿ ತೆಗೆಸಿ, ಪಕ್ಕದಲ್ಲಿ ಹೋಮ ಮಾಡಿ, ಎಲ್ಲ ಮುಗಿದ ಮೇಲೆ ಇದ್ದಿಲು, ಬೂದಿ, ಉಳಿದ ನವಧಾನ್ಯ ಎಲ್ಲವನ್ನೂ ಅದರೊಳಗೆ ಹಾಕಿಸಿ ಮಣ್ಣು ಮುಚ್ಚಿಸಿದರು. ನೀನು ಅಲ್ಲಿಯೇ ಅಗೆಸಿದ್ದೀ. ಮೆತ್ತಗೆ ಇರದೆ ಇನ್ನೇನು.

ಉತ್ತರ ಮತ್ತು ಪೂರ್ವದ ಬೇಲಿ ಸೇರುವಲ್ಲಿ ಎಂದು ಬರೆದಿದ್ದೀ. ಈಶಾನ್ಯ ಎಂಬ ಶಬ್ದ ನಿನಗೆ ಹೊಳೆಯಲಿಲ್ಲವಾ? ನಮ್ಮ ಮನೆಯ ಮಗು ನೀನು. ನಿಮ್ಮ ಡೊಂಬಿವಲಿ ಫ್ಲಾಟಿನಲ್ಲಿ ದೇವರ ಗೂಡು ಯಾವ ಮೂಲೆಯಲ್ಲಿತ್ತು ಎಂದಾದರೂ ನೆನಪು ಮಾಡಿಕೊಳ್ಳಬಹುದಿತ್ತು.

ಪೂಜೆಯ ವಿಷಯ ನಿನಗೆ ಮೊದಲೇ ಹೇಳಲಿಲ್ಲ ಯಾಕೆಂದರೆ ನೀನು ನಗುತ್ತೀ ಎಂದು. ಸಂಘಕ್ಕೂ ಹೇಳಿರಲಿಲ್ಲ, ಒಪ್ಪಿಗೆಗೆ ಮೊದಲೇ ಪೂಜೆ ಮಾಡಿಸಿದ ಎಂದು ಆಡಿಕೊಳ್ಳುತ್ತಾರೆ. ಅತ್ತೆಗೆ ಗೊತ್ತುಂಟು, ಅವಳು ಅದು ನಮ್ಮ ಮನೆ ಕಟ್ಟುವ ಪೂಜೆ ಎಂದು ತಿಳಿದಿದ್ದಳು.

ಈಗ ಸರಿಯಾಗಿ ಹೇಳು. ಜಾಗ ಒಳ್ಳೆಯದೇ ಅಲ್ಲವಾ?

ಮಾವ

*

ಠಾಣೆ
16 ಫೆಬ್ರವರಿ 2025

ಪ್ರೀತಿಯ ಮಾವ,

ನಿಮ್ಮ ಪತ್ರ ಬಂದ ದಿನ ಕಾಲೇಜಿನಲ್ಲಿ ಪಾಠ ಮಾಡಲು ಆಗಲಿಲ್ಲ. ಒಂದು ಗುಂಡಿ ನೋಡಿ ಕಣಿವೆಯ ಬಗ್ಗೆ ಮಾತಾಡಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಪದರಗಳಿಲ್ಲದ ಮಣ್ಣನ್ನು ನೆರೆ ಸುರಿದದ್ದು ಎಂದೆ. ಅದನ್ನು ಸುರಿದದ್ದು ಭಟ್ಟರು ಕರೆತಂದ ಕೂಲಿಯವರು. ಎಳ್ಳು ಕೈಯಲ್ಲಿ ಹಿಡಿದೂ ನನಗೆ ಹೊಳೆಯಲಿಲ್ಲ. ಅಮ್ಮ ಬದುಕಿದ್ದು, ಆ ಕಾಳುಗಳನ್ನು ಅವಳಿಗೆ ತೋರಿಸಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದಳು.

ಕಳೆದ ವಾರ ಸಿದ್ರಾಮನನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ಜಾಗದ ನಡುವೆ, ಗಟ್ಟಿ ನೆಲದಲ್ಲಿ ತೋಡಿಸಿದೆ. ಅವನು ದಿನವಿಡೀ ನನ್ನನ್ನು ಬೈದುಕೊಂಡ. “ಅಲ್ಲಿ ಮೆತ್ತಗಿತ್ತು, ಬ್ಯಾಡಂತೀರಿ. ನಿಮ್ಮ ಓದೇ ತಿಳಿಯಂಗಿಲ್ರಿ” ಎಂದ.

ಈಗ ನೋಡಿದ್ದನ್ನು ನಿಧಾನವಾಗಿ ಬರೆಯುತ್ತೇನೆ. ಕೆಳಗೆ ತೆಳುವಾದ ಜೇಡಿ ಪದರಗಳು, ಮಡಚಿ ಒಂದರ ಮೇಲೊಂದು ಇಟ್ಟ ಸೀರೆಗಳಂತೆ. ಹಿಂದಿನ ಕಾಲದಲ್ಲಿ ನದಿ ಅಲ್ಲಿಗೆ ಮೆಲ್ಲಗೆ ಬಂದು, ನಿಂತು, ನುಣ್ಣನೆಯ ಮಣ್ಣು ಬಿಟ್ಟು ಹೋಗುತ್ತಿತ್ತು. ಮೇಲೆ, ಮೊಣಕಾಲಿನಷ್ಟು ದಪ್ಪಕ್ಕೆ, ಒಂದರ ಮೇಲೊಂದು ಎರಡು ಮೂರು ಹಾಸು ಒರಟಾದ ಕಪ್ಪು ಮರಳು, ಅದರಲ್ಲಿ ಸಣ್ಣ ಕಲ್ಲು. ಅಂಥ ಮರಳನ್ನು ಎತ್ತಿ ತರಲು ನೀರಿಗೆ ಓಟ ಬೇಕು. ಈ ಮರಳಿನ ತಳದಲ್ಲಿ ಒಂದು ಹಾಲಿನ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಸುತ್ತಲಿನ ಪದರ ಕದಡಿರಲಿಲ್ಲ, ಯಾರೂ ಅಗೆದು ಹಾಕಿದ್ದಲ್ಲ. ಇದಕ್ಕೆ ಲ್ಯಾಬು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಲು ಬರಲು ಶುರುವಾದ ಮೇಲೆ ನದಿ ಒಂದಕ್ಕಿಂತ ಹೆಚ್ಚು ಸಲ ಅಲ್ಲಿಗೆ ಹತ್ತಿದೆ, ಜೋರಾಗಿ ಹತ್ತಿದೆ.

ಅದು ಮಳೆ ಬದಲಾದದ್ದರಿಂದಲೋ, ಮೇಲಿನ ಗುಡ್ಡಗಳಲ್ಲಿ ಅಗೆದು ಮಣ್ಣು ಸಡಿಲ ಮಾಡಿದ್ದರಿಂದಲೋ, ಎರಡೂ ಕೂಡಿಯೋ ನಾನು ಹೇಳಲಾರೆ. ಮತ್ತೆ ಯಾವಾಗ ಎಂದೂ ಹೇಳಲಾರೆ. ಮುಂದಿನ ಜುಲೈಯಲ್ಲಿ ಬರಬಹುದು. ಮಹಾದೇವಪ್ಪನವರ ಕಾಲದಲ್ಲಿ ಬಾರದೆಯೂ ಇರಬಹುದು. ಬಂದರೆ ಒಂದೇ ಅಂತಸ್ತಿನ ಕೋಣೆಯಲ್ಲಿ ಹತ್ತಿ ನಿಲ್ಲಲು ಜಾಗವಿಲ್ಲ.

ಆದ್ದರಿಂದ ನನ್ನ ಮೊದಲ ವರದಿ ತಪ್ಪು. ಅದರಿಂದ ಆದ ನಿರ್ಧಾರ ತಪ್ಪಲ್ಲ ಎಂದು ನನಗೆ ಅನ್ನಿಸುತ್ತದೆ. ವರದಿ ತಪ್ಪು ಎಂದು ಸಂಘಕ್ಕೆ ತಿಳಿಸಿದರೆ ಅವರು ಎರಡನೆಯ ಗುಂಡಿಯನ್ನು ನಂಬುವುದಿಲ್ಲ, ಕಟ್ಟುತ್ತಾರೆ. ತಿಳಿಸದಿದ್ದರೆ ಕಟ್ಟುವುದಿಲ್ಲ. ಹೋಮದ ಗುಂಡಿಯನ್ನೇ ನಾನು ಅಗೆಸಿದ್ದು ನಿಮಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಈ ವಾಕ್ಯವನ್ನು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಏನು ಮಾಡಲಿ ಮಾವ?

ಜ್ಯೋತ್ಸ್ನಾ

*

ಉಡುಪಿ
1 ಮಾರ್ಚ್ 2025

ಜ್ಯೋತ್ಸ್ನಾ,

ನೀನು ಕೇಳಬಾರದವನನ್ನು ಕೇಳಿದ್ದೀ. ಹೇಳು ಎಂದರೆ ನನಗೆ ಬೇಕಾದ್ದನ್ನೇ ಹೇಳಿದ ಹಾಗೆ. ಹೇಳಬೇಡ ಎಂದರೆ ನಾನು ದೊಡ್ಡ ಮನುಷ್ಯ ಆಗುತ್ತೇನೆ, ಮಹಾದೇವಪ್ಪ ಬೀದಿಗೆ ಬರುತ್ತಾನೆ.

ಒಂದು ಮಾತು ಬರೆಯುತ್ತೇನೆ. ತಪ್ಪು ಕಾರಣ ಹೇಳಿ ಜನರನ್ನು ತಡೆದರೆ, ಅದು ತಪ್ಪೆಂದು ಅವರಿಗೆ ಎಂದಾದರೊಂದು ದಿನ ಗೊತ್ತಾಗುತ್ತದೆ. ಆ ದಿನದಿಂದ ನೀನು ಸರಿಯಾದ್ದನ್ನು ಹೇಳಿದರೂ ಕೇಳುವುದಿಲ್ಲ. ನಾನು ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ಕಲಿತದ್ದು ಇಷ್ಟೇ. ಹೋಗಿ ಹೇಳು.

ಕಟ್ಟಬೇಕು ಎಂಬ ಆಸೆ ನನಗೆ ಈಗಲೂ ಉಂಟು. ಅದನ್ನು ಮುಚ್ಚಿಡುವುದಿಲ್ಲ.

ಮಾವ

*

ಠಾಣೆ
23 ಮಾರ್ಚ್ 2025

ಪ್ರೀತಿಯ ಮಾವ,

ಇವತ್ತು ಬೆಳಗ್ಗೆ ಡೊಂಬಿವಲಿಯಲ್ಲಿ ಸಭೆ ಆಯಿತು. ಸ್ಟೇಷನ್ನಿನ ಹತ್ತಿರದ ಸಂಘದ ಆಫೀಸು ನಿಮಗೆ ಗೊತ್ತಲ್ಲ, ಕುರ್ಚಿ ಸಾಲದೆ ಕೆಲವರು ಬಾಗಿಲಲ್ಲಿ ನಿಂತಿದ್ದರು. ಮಾಳಿಗೆಯವರಲ್ಲಿ ಮಹಾದೇವಪ್ಪನವರು ಬಂದಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹೋಮದ ಗುಂಡಿಯ ಮಾತು ಬಂದಾಗ ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಲೋಕನಾಥರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

“ಹಾಗಾದ್ರೆ ಫಸ್ಟ್ ರಿಪೋರ್ಟ್ ಕ್ಯಾನ್ಸಲ್?”

“ಕ್ಯಾನ್ಸಲ್.”

“ಸೆಕೆಂಡ್‌ದು ಏನ್ ಹೇಳ್ತದೆ?”

“ಕಟ್ಟಬೇಡಿ ಅಂತಲೇ.”

“ನೀರು ಯಾವಾಗ ಬರ್ತದೆ?”

“ಗೊತ್ತಿಲ್ಲ.”

“ನಮ್ಮ ಲೋಕಲ್ ಟ್ರೇನಿಗೆ ಇಂಡಿಕೇಟರ್ ಮೇಲೆ ಟೈಮಾದ್ರೂ ಇರ್ತದೆ ಮೇಡಂ, ಬರೋದು ಲೇಟಾದ್ರೂ. ನಿಮ್ಮ ನದಿಗೆ ಅದೂ ಇಲ್ವಲ್ಲ.”

ಮತ್ತೆ ನಗು. ಅವರು ಕೆಟ್ಟವರಲ್ಲ ಮಾವ. ಒಂದು ಸಲ ನನ್ನನ್ನು ನಂಬಿ ಮುಖಭಂಗವಾಗಿದೆ, ಅಷ್ಟೇ. ಆಮೇಲೆ ಮಹಾದೇವಪ್ಪನವರು ಎದ್ದರು.

“ಅಕ್ಕಾರ, ನೀರು ಯಾವಾಗ ಬರತೈತಿ ನಿಮಗ ಗೊತ್ತಿಲ್ಲ ಅಂತೀರಿ. ನಮ್ಮನ್ನ ಮಾಳಿಗಿಂದ ಇಳಸೋದು ಯಾವಾಗ ಅಂತ ನಮಗ ಗೊತ್ತೈತಿ. ದೀಪಾವಳಿಗೆ. ಗೊತ್ತಿದ್ದದ್ದಕ್ಕ ಅಂಜಬೇಕೋ, ಗೊತ್ತಿಲ್ಲದ್ದಕ್ಕೋ?”

ಲೋಕನಾಥರು ಕೈ ಎತ್ತಿಸಿದರು. ಕಟ್ಟುವುದೆಂದು ತೀರ್ಮಾನವಾಯಿತು. ಇನ್ನು ಉಳಿದದ್ದು ನಿಮ್ಮ ದಾನಪತ್ರದ ಸಹಿ ಮಾತ್ರ. ಲೋಕನಾಥರು ಮುಂದಿನ ವಾರ ಕಾಗದ ಕಳಿಸುತ್ತಾರೆ.

ನಿಮ್ಮ ಆಸೆ ನೆರವೇರಿತು. ಅಭಿನಂದನೆ ಹೇಳಬೇಕು ಎಂದುಕೊಂಡೆ, ಪೆನ್ನು ಮುಂದೆ ಹೋಗುತ್ತಿಲ್ಲ. ನಾನು ತಿಳಿದದ್ದನ್ನು ಹೇಳಿ ಮುಗಿಸಿದ್ದೇನೆ. ಇದರ ಮೇಲೆ ನಿಮ್ಮನ್ನು ಒತ್ತಾಯಿಸುವುದಿಲ್ಲ.

ಜ್ಯೋತ್ಸ್ನಾ

*

ಉಡುಪಿ
14 ಏಪ್ರಿಲ್ 2025

ಜ್ಯೋತ್ಸ್ನಾ,

ಕಾಗದ ಬಂತು. ಸಹಿ ಹಾಕದೆ ಹಿಂದೆ ಕಳಿಸಿದ್ದೇನೆ.

ನಿನ್ನ ಮೊದಲ ತೀರ್ಪು ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಅದರಲ್ಲಿ ಎಲ್ಲವೂ ನಿನಗೆ ಗೊತ್ತಿತ್ತು. ಎರಡನೆಯ ಗುಂಡಿಯ ಪತ್ರದಲ್ಲಿ ಗೊತ್ತಿಲ್ಲ, ಹೇಳಲಾರೆ, ಇರಬಹುದು ಎಂದೇ ತುಂಬಿತ್ತು. ಅದನ್ನು ನಂಬಿದೆ. ನಂಬಿದ ಮೇಲೂ ಕಟ್ಟಬೇಕು ಎಂದೇ ಇದ್ದೆ. ಸಭೆ ಹೂಂ ಎಂದಿತು, ನನ್ನ ಮೇಲೆ ಭಾರ ಇಲ್ಲ ಎಂದುಕೊಂಡು ಪೆನ್ನು ತೆಗೆದೆ. ಆಗ ಒಂದು ಯೋಚನೆ ಬಂತು. ನೀರು ಬಂದ ದಿನ ಮಹಾದೇವಪ್ಪ ಯಾರನ್ನು ಕೂಗುತ್ತಾನೆ? ನನ್ನನ್ನೇ. ಕೇಳಿಸಿದರೂ ಇಲ್ಲಿಂದ ಓ ಎನ್ನಲಿಕ್ಕೆ ನನಗೆ ಸ್ವರ ಇಲ್ಲ.

ನಿನ್ನ ಅತ್ತೆ ಖುಷಿಯಿಂದ, ಹಾಗಾದರೆ ಮಾರುವ ಎಂದಳು. ಮಾರುವುದೂ ಇಲ್ಲ ಎಂದು ಬರೆದು ತೋರಿಸಿದೆ. ಕೊಂಡವನು ಅಲ್ಲಿ ಚಾಳ್ ಕಟ್ಟಿ ಬಾಡಿಗೆಗೆ ಕೊಡುತ್ತಾನೆ. ಇವತ್ತಿನವರೆಗೆ ಅವಳು ನನ್ನ ಹತ್ತಿರ ಮಾತಾಡಿಲ್ಲ. ಮನೆಯಲ್ಲಿ ಈಗ ಇಬ್ಬರಿಗೂ ಸ್ವರ ಇಲ್ಲ.

ಕೋಣೆಗೆಂದು ಸಂಘ ಒಟ್ಟುಮಾಡಿದ ಹಣದಲ್ಲಿ ಕಲ್ಯಾಣದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿ ಬಾಡಿಗೆಗೆ ಹಿಡಿಯಲು ಲೋಕನಾಥನಿಗೆ ಬರೆದಿದ್ದೇನೆ. ಸೋರುತ್ತದಂತೆ. ಎಲ್ಲರಿಗೂ ಜಾಗ ಸಾಲುವುದಿಲ್ಲ. ಯಾರು ಹೋಗಬೇಕು, ಯಾರು ಇರಬೇಕು ಎಂದು ಅವರವರೇ ತೀರ್ಮಾನಿಸಬೇಕಾಗುತ್ತದೆ. ಅದನ್ನು ಅವರ ಮೇಲೆ ಹೊರಿಸಿದವನು ನಾನು.

ಮಹಾದೇವಪ್ಪನಿಗೆ ಬೇರೆಯೇ ಪತ್ರ ಬರೆದಿದ್ದೇನೆ.

ಮಾವ

*

ಠಾಣೆ
21 ಸೆಪ್ಟೆಂಬರ್ 2025

ಪ್ರೀತಿಯ ಮಾವ,

ಇಷ್ಟು ದಿನ ಬರೆಯಲಿಲ್ಲ. ಮಳೆಗಾಲ ಮುಗಿಯಲಿ ಎಂದು ಕಾದೆ.

ನೀರು ಬರಲಿಲ್ಲ.

ದೊಡ್ಡ ಮಳೆ ಸುರಿದ ಮರುದಿನ ಟಿಟ್ವಾಲಾದವರೆಗೆ ರೈಲು ಸಿಕ್ಕಿತು, ಹೋಗಿ ನೋಡಿದೆ. ಕೆಳಗಿನ ಗದ್ದೆ ಮುಳುಗಿತ್ತು. ಕೆಂಪು ನೀರು ನಿಮ್ಮ ಜಾಗದ ಅಂಚಿನವರೆಗೆ ಬಂದು, ಅಂಚಿನ ಹುಲ್ಲನ್ನು ಎಳೆದಾಡುತ್ತ ಅಲ್ಲಿಯೇ ನಿಂತಿತ್ತು. ಮೇಲೆ ಹತ್ತಲಿಲ್ಲ. ಬಹಳ ಹೊತ್ತು ಕೊಡೆ ಹಿಡಿದು ನಿಂತಿದ್ದೆ. ನಿಮಗೆ ಹೇಳಲೇಬೇಕು, ಒಂದು ಗಳಿಗೆ ಅದು ಹತ್ತಲಿ ಎಂದು ನನ್ನ ಮನಸ್ಸು ಬಯಸಿತು. ಖಾಲಿ ಜಾಗ, ಯಾರಿಗೂ ತೊಂದರೆಯಿಲ್ಲ, ನನ್ನ ಮಾತು ನಿಜವಾಗಲಿ ಎಂದು. ಪಕ್ಕದ ತಗ್ಗಿನಲ್ಲಿ ಜನ ಪಾತ್ರೆಗಳನ್ನು ಹೊರಗೆ ಸಾಗಿಸುತ್ತಿದ್ದರು. ಅವರನ್ನು ಕಂಡ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಮೊನ್ನೆ ಕಲ್ಯಾಣದ ಬಾಡಿಗೆ ಕೋಣೆಗೆ ಹೋಗಿದ್ದೆ. ಮಹಾದೇವಪ್ಪನವರು ಇದ್ದಾರೆ. ಸೋರುವ ಕಡೆ ಬಕೆಟ್ ಇಟ್ಟಿದ್ದಾರೆ. ಐದು ಜನ ಊರಿಗೆ ಹೋದರಂತೆ, ಒಬ್ಬರದು ಆಮೇಲೆ ಸುದ್ದಿಯಿಲ್ಲ. ಚಹಾ ಕೊಟ್ಟರು. ನಾನು ಕುಡಿದು ಮುಗಿಸಿದ ಮೇಲೆ ಹೇಳಿದರು:

“ಆಷಾಢದಾಗ ಒಮ್ಮೆ, ಶ್ರಾವಣದಾಗ ಒಮ್ಮೆ ಹೋಗಿ ನೋಡಿ ಬಂದೀನ್ರಿ ಅಕ್ಕಾರ. ಆ ಜಾಗದಾಗ ಒಂದು ತಂಬಿಗಿ ನೀರು ನಿಂತಿಲ್ಲ. ನಿಮ್ಮ ಮಾವಾರಿಗೆ ಬರೀರಿ. ಸುಳ್ಳು ಬರೀಬ್ಯಾಡ್ರಿ.”

ಬರೆಯುತ್ತೇನೆ ಎಂದೆ. ಬರೆದಿದ್ದೇನೆ. ಒಂದು ಮಳೆಗಾಲ ಯಾವುದಕ್ಕೂ ಸಾಕ್ಷಿಯಲ್ಲ ಎಂದು ತರಗತಿಯಲ್ಲಿ ಹೇಳುವುದು ಸುಲಭ. ಆ ಬಕೆಟ್ಟಿನ ಪಕ್ಕ ಕುಳಿತು ಹೇಳಲು ಬಾಯಿ ಬರಲಿಲ್ಲ.

ಲೋಕನಾಥರು ಕಾಗದವನ್ನು ಇನ್ನೊಮ್ಮೆ ಕಳಿಸುತ್ತಾರಂತೆ. ನೀವು ಸಹಿ ಹಾಕಿದರೂ ನನಗೆ ಬೇಸರವಿಲ್ಲ.

ಜ್ಯೋತ್ಸ್ನಾ

*

ಉಡುಪಿ
5 ಅಕ್ಟೋಬರ್ 2025

ಜ್ಯೋತ್ಸ್ನಾ,

ಮಹಾದೇವಪ್ಪ ನನ್ನ ಪತ್ರಕ್ಕೆ ಉತ್ತರ ಬರೆದಿರಲಿಲ್ಲ. ನಿನ್ನ ಬಾಯಿಯಿಂದ ಹೇಳಿಸಿದ್ದಾನೆ, ಅದೇ ಉತ್ತರ ಎಂದು ಇಟ್ಟುಕೊಂಡಿದ್ದೇನೆ. ಅವನು ಹೇಳಿದ್ದು ಸತ್ಯ. ಊರಿಗೆ ಹೋದ ಆ ಒಬ್ಬ ಯಾರು ಎಂದು ನೀನು ಬರೆಯಲಿಲ್ಲ. ಯಾರೆಂದು ತಿಳಿದು ಬರೆ, ನಾನು ವಿಚಾರಿಸಬೇಕು.

ದಂಡೆಯಲ್ಲಿ ನಿಂತು ನೀನು ಬಯಸಿದ್ದಕ್ಕೆ ನಾಚಿಕೊಳ್ಳಬೇಡ. ಇಲ್ಲಿ ಟಿವಿಯಲ್ಲಿ ಕಲ್ಯಾಣದ ಮಳೆ ತೋರಿಸುವಾಗ ನಾನೂ ಅದನ್ನೇ ಬಯಸಿದೆ. ನನ್ನ ಮುಖ ನೋಡಿ ನಿನ್ನ ಅತ್ತೆ ಟಿವಿ ಬಂದ್ ಮಾಡಿದಳು. ಈಗ ಸ್ವಲ್ಪ ಸ್ವಲ್ಪ ಮಾತಾಡುತ್ತಾಳೆ.

ಲೋಕನಾಥನ ಕಾಗದ ನಿನ್ನೆ ಬಂತು. ಮುಂದಿನ ವರ್ಷವೂ ಆ ಜಾಗಕ್ಕೆ ನೀರು ಬಾರದೇ ಇರಲಿ. ಅದರ ಮುಂದಿನ ವರ್ಷವೂ ಬಾರದೇ ಇರಲಿ. ನಾನು ತಪ್ಪು ಮಾಡಿದೆ ಎಂದು ಮಹಾದೇವಪ್ಪ ಕೊನೆಯವರೆಗೂ ಹೇಳುತ್ತಲೇ ಇರಲಿ, ಹೇಳಲಿಕ್ಕೆ ಅವನು ಇರಲಿ.

ಸಹಿ ಹಾಕುವುದಿಲ್ಲ.

ಮಾವ